ಮುನಿರಾಬಾದಿನಿಂದ ಆನೆಗುಂದಿಗೆ ಹೊಳೆಯಲ್ಲಿ ಹೋಗಲು ಯಾವ ದೋಣಿ ಕೊಳ್ಳಬೇಕು?

ಪೇಪರಿನಲ್ಲಿ ತುಂಗಭದ್ರಾ ಡ್ಯಾಮಿನ ಹೊರಹರಿವು ಒಂಬತ್ತು ಸಾವಿರ ಕ್ಯುಸೆಕ್ ಇದೆ, ಪ್ರವಾಹವೂ ಅಲ್ಲ ಬರಿದೂ ಅಲ್ಲ, ಡಿಸೆಂಬರಿನಲ್ಲಿ ನಾಲ್ಕು ಜನ ಎರಡು ದಿನದಲ್ಲಿ ಆನೆಗುಂದಿ ಮುಟ್ಟುತ್ತೇವೆ, ದೋಣಿ ಯಾವುದು ಅಂತ ಮಾತ್ರ ಹೇಳಿ ಎಂದು ಬರೆದಿದ್ದೀರಿ. ಇದೇ ಅಂಕಿ ನೋಡಿ, ಇದೇ ಲೆಕ್ಕ ಹಾಕಿ 2013ರ ಡಿಸೆಂಬರಿನಲ್ಲಿ ನಾನು ಮೂವರು ಗೆಳೆಯರ ಜೊತೆ ಹುಲಿಗಿಯ ಕೆಳಗೆ ಹೊಳೆಗೆ ಇಳಿದೆ. ಎರಡು ಫೈಬರ್ ದೋಣಿ, ಒಂದೊಂದರಲ್ಲಿ ಇಬ್ಬರು. ಶಿವಪುರ ದಾಟಿ, ಸಾಣಾಪುರ ಇನ್ನೂ ದೂರ ಇರುವಾಗಲೇ ಒಂದು ದೋಣಿ ಎರಡು ಗುಂಡುಕಲ್ಲುಗಳ ನಡುವೆ ಅಡ್ಡ ಸಿಕ್ಕಿ ಮುರಿಯಿತು. ಒಬ್ಬ ಗೆಳೆಯನ ಕಣಕಾಲು ಮುರಿಯಿತು. ನಮ್ಮಲ್ಲಿ ದೋಣಿಯ ದೋಷ ಇರಲಿಲ್ಲ. ಹುಟ್ಟು ಹಾಕಲು ಬರದವರು ಯಾರೂ ಇರಲಿಲ್ಲ. ತಪ್ಪಿದ್ದು ಆ ಒಂದು ಅಂಕಿಯನ್ನು ಓದುವುದರಲ್ಲಿ.

ಅದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಅಲ್ಲೇ ನಿಂತಿದ್ದೀರಿ. ಪೇಪರಿನ ಜಲಾಶಯದ ಪಟ್ಟಿಯಲ್ಲಿ ಬರುವ ‘ಹೊರಹರಿವು’ ಅಂದರೆ ಡ್ಯಾಮಿನಿಂದ ಹೊರಬಿದ್ದ ಒಟ್ಟು ನೀರು. ತುಂಗಭದ್ರೆಯಲ್ಲಿ ಬೆಳೆಯ ಕಾಲದಲ್ಲಿ ಅದರ ಬಹುಪಾಲು ಹೊಳೆಗೆ ಬೀಳುವುದೇ ಇಲ್ಲ. ಎಡದಂಡೆ ಕಾಲುವೆ ಹಿಡಿದು ಗಂಗಾವತಿ, ಸಿಂಧನೂರು, ಮಾನ್ವಿ, ರಾಯಚೂರಿನ ಕಡೆ ಹೋಗುತ್ತದೆ. ಬಲದಂಡೆಯ ಮೇಲ್ಮಟ್ಟದ ಕಾಲುವೆ ಬಳ್ಳಾರಿ ಕಡೆಯಿಂದ ಅನಂತಪುರಕ್ಕೆ, ಕೆಳಮಟ್ಟದ ಕಾಲುವೆ ಸಿರುಗುಪ್ಪ ಕಡೆಯಿಂದ ಕರ್ನೂಲಿಗೆ. ರಾಯ, ಬಸವಣ್ಣ ಕಾಲುವೆಗಳ ಪಾಲು ಬೇರೆ. ಹೀಗೆ ಒಂಬತ್ತು ಸಾವಿರದಲ್ಲಿ ಆ ದಿನ ಹೊಳೆಗೆ ಉಳಿದದ್ದು ಕೆಲವೇ ನೂರು ಕ್ಯುಸೆಕ್ ಅಂತ ನಮಗೆ ಆಮೇಲೆ ತಿಳಿಯಿತು. ಒಂದು ಕ್ಯುಸೆಕ್ ಅಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಕಾಲುವೆ ತುಂಬಿ ಹರಿಯುತ್ತಿರುವುದನ್ನು ರಸ್ತೆಯಿಂದ ಕಂಡು ಹೊಳೆಯೂ ಹಾಗೇ ಇದೆ ಅಂದುಕೊಂಡೆವು. ಭತ್ತದ ಗದ್ದೆಗೆ ನೀರು ಜೋರಾಗಿರುವಾಗಲೇ ಹೊಳೆ ಸೊರಗಿರುತ್ತದೆ. ಈ ಭಾಗದಲ್ಲಿ ಹುಟ್ಟಿದವನಾಗಿ ನನಗೆ ಇದು ಗೊತ್ತಿರಬೇಕಿತ್ತು.

ದಡದಲ್ಲಿ ಹರಗೋಲು ಬೋರಲು ಹಾಕುತ್ತಿದ್ದ ಅಂಬಿಗರೊಬ್ಬರು ಹೇಳಿಯೂ ಇದ್ದರು: “ತಮ್ಮಾ, ಹೊಳ್ಯಾಗ ಈಗ ನೀರಿಲ್ಲ, ಬರೇ ಗುಂಡು ಅದಾವ. ನೀರು ಕಡಿಮಿ ಐತಿ ಅಂತ ಹಗೂರ ತಿಳೀಬ್ಯಾಡ್ರಿ.” “ಇಲ್ಲ ಕಾಕಾ, ಒಂಬತ್ತು ಸಾವಿರ ಬಿಟ್ಟಾರ” ಅಂತ ನಾನೇ ಅವರಿಗೆ ತಿದ್ದಿ ಹೇಳಿದೆ.

ನೀರು ಕಡಿಮೆಯಾದರೆ ಅಪಾಯವೂ ಕಡಿಮೆ ಅಂತ ನಿಮಗೂ ಅನ್ನಿಸುತ್ತಿರಬಹುದು. ಮರಳಿನ ಹೊಳೆಯಲ್ಲಿ ಅದು ನಿಜ. ಇಲ್ಲಿ ಹೊಳೆಯ ಪಾತ್ರ ಗ್ರಾನೈಟ್ ಗುಂಡುಗಳ ರಾಶಿ. ಮನೆಯಷ್ಟು ದೊಡ್ಡ ಕಲ್ಲುಗಳು ಒಂದರ ಮೇಲೊಂದು ಕೂತಿವೆ, ಅಡಿಯಲ್ಲಿ ಪೊಳ್ಳು. ನೀರು ತುಂಬಿದಾಗ ಅದು ಕಲ್ಲಿನ ಮೇಲೆ, ಪಕ್ಕದಲ್ಲಿ ಹರಿಯುತ್ತದೆ. ಇಳಿದಾಗ ಕಲ್ಲಿನ ಅಡಿಯ ಸಂದುಗಳಲ್ಲಿ ನುಸುಳುತ್ತದೆ. ಮೇಲಿಂದ ಕಾಣುವುದು ಒಂದು ಮಡು, ಆಮೇಲೆ ಕಲ್ಲಿನ ಗೋಡೆ, ಆಚೆ ಮತ್ತೆ ನೀರು. ನಡುವೆ ಇರುವುದು ಜರಡಿ. ನೀರು ದಾಟುತ್ತದೆ, ದೋಣಿ ದಾಟುವುದಿಲ್ಲ, ಮನುಷ್ಯನ ದೇಹವೂ ದಾಟುವುದಿಲ್ಲ. ಗುರುತು ಹಿಡಿಯುವ ಬಗೆ ಇಷ್ಟು: ಬಂಡೆಗೆ ನೀರು ಬಡಿದರೆ ಅದರ ಮುಂದೆ ನೊರೆಯ ದಿಂಬು ಏಳಬೇಕು. ಹರಿವು ಜೋರಾಗಿದ್ದೂ ದಿಂಬು ಏಳದೆ, ನೀರು ಸದ್ದಿಲ್ಲದೆ ಕಲ್ಲಿನೊಳಗೆ ಹೋಗುತ್ತಿದ್ದರೆ ಅದು ಅಡಿಯಲ್ಲಿ ಪೊಳ್ಳಾದ ಬಂಡೆ. ಅದರ ಹತ್ತಿರವೂ ಸುಳಿಯಬಾರದು.

ನಮ್ಮ ಮುಂದಿನ ದೋಣಿ ಅಂಥ ಸಂದಿಗೆ ಅಡ್ಡ ತಿರುಗಿತು. ಹೆದರಿದವರು ಬಂಡೆಯಿಂದ ದೂರ, ನೀರು ಬರುವ ಕಡೆಗೆ ವಾಲುತ್ತಾರೆ. ಎಲ್ಲರೂ ಮಾಡುವುದೇ ಅದು. ಆ ಕಡೆಯ ಅಂಚು ಮುಳುಗಿ ದೋಣಿ ತುಂಬುತ್ತದೆ, ಸುಮಾರು ಅರ್ಧ ಟನ್ ನೀರು. ವಾಲಬೇಕಾದ್ದು ಬಂಡೆಯ ಕಡೆಗೆ, ಅದನ್ನು ತಬ್ಬಿಕೊಳ್ಳುವ ಹಾಗೆ. ಆಗ ಅಡಿಭಾಗ ಹರಿವಿಗೆ ತೋರಿ, ನೀರು ಅಡಿಯಲ್ಲಿ ಹೋಗುತ್ತದೆ, ಜಾರಿ ಬಿಡಿಸಿಕೊಳ್ಳಲು ಕೆಲವು ಕ್ಷಣ ಸಿಗುತ್ತದೆ. ನೀರು ಸೆಕೆಂಡಿಗೆ 2 ಮೀಟರ್ ಓಡುತ್ತಿದ್ದು, ನಾಲ್ಕು ಮೀಟರ್ ಉದ್ದದ ದೋಣಿ ನಲವತ್ತು ಸೆಂಟಿಮೀಟರ್ ಮುಳುಗಿ ಅಡ್ಡ ನಿಂತರೆ ಅದರ ಮೇಲೆ ಬೀಳುವ ಒತ್ತಡ ಸುಮಾರು 300 ಕಿಲೋ. ವೇಗ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟು. ಅದನ್ನು ನಾಲ್ಕು ಜನ ಕೈಯಿಂದ ಎಳೆದು ಬಿಡಿಸುವುದು ಆಗದ ಮಾತು.

ಗೆಳೆಯ ನೀರಿಗೆ ಬಿದ್ದ, ತೊಡೆಮಟ್ಟದ ನೀರು ಅಂತ ಎದ್ದು ನಿಂತ. ಪಾದ ಕಲ್ಲಿನ ಸಂದಿನಲ್ಲಿ ಸಿಕ್ಕಿತು, ಬೆನ್ನಿಗೆ ಹರಿವು ತಳ್ಳಿತು, ಮುಖ ಮುಂದಕ್ಕೆ ಬಾಗಿತು. ಹರಿಯುವ ನೀರಿನಲ್ಲಿ ಸೊಂಟದಷ್ಟೂ ಆಳ ಇಲ್ಲದ ಕಡೆ ಈಜು ಬಲ್ಲವರೂ ಸಾಯುವುದು ಹೀಗೆ. ಬಿದ್ದ ಕೂಡಲೇ ಬೆನ್ನ ಮೇಲೆ ಮಲಗಿ, ಕಾಲು ಹರಿವಿನ ದಿಕ್ಕಿಗೆ, ಬೆರಳ ತುದಿ ನೀರಿನ ಮೇಲೆ ಕಾಣುವಂತೆ ಎತ್ತಿ, ಕೈಯಿಂದ ಓರೆಯಾಗಿ ದಡದ ಕಡೆ ಈಜಬೇಕು. ಕುಂಡೆ ನೆಲಕ್ಕೆ ತಾಗುವವರೆಗೆ ನಿಲ್ಲಕೂಡದು. ಆದರೆ ಮುಂದೆ ಜರಡಿ ಅಥವಾ ಅಡ್ಡಬಿದ್ದ ಮರ ಇದ್ದರೆ ಈ ಭಂಗಿ ಬಿಡಬೇಕು. ಮಗುಚಿಕೊಂಡು ತಲೆ ಮುಂದೆ ಮಾಡಿ ಜೋರಾಗಿ ಈಜಿ, ಹೊಟ್ಟೆಯ ಮೇಲೆ ಅದರ ಮೇಲಕ್ಕೆ ಹಾರಬೇಕು.

ಅವನನ್ನು ಉಳಿಸಿದ್ದು ಇಪ್ಪತ್ತು ಮೀಟರ್ ಹಗ್ಗ. ಇಬ್ಬರು ಎರಡು ಬದಿಯ ಬಂಡೆಗಳ ಮೇಲೆ ನಿಂತು, ಅವನ ಕೆಳಗಡೆಯಿಂದ ಹಗ್ಗ ಅಡ್ಡ ಹಿಡಿದು ಎದೆಗೆ ತಂದೆವು. ಅದರ ಮೇಲೆ ಒರಗಿ ಅವನು ತಲೆ ಎತ್ತಿದ, ಉಸಿರಾಡಿದ. ಉಸಿರು ಸಿಕ್ಕ ಮೇಲೆ ಪಾದ ಬಿಡಿಸುವ ಯೋಚನೆ. ಪಾದ ಹೊಕ್ಕ ದಾರಿಯಲ್ಲೇ, ಅಂದರೆ ಹರಿವಿಗೆ ಎದುರಾಗಿ ಹಿಂದಕ್ಕೆ ಎಳೆಯಬೇಕು. ಹಗ್ಗ ತೇಲುವ ಪಾಲಿಪ್ರೊಪಿಲೀನಿನದೇ ಆಗಿರಲಿ, 8ರಿಂದ 10 ಮಿಲಿಮೀಟರ್ ದಪ್ಪ, 15ರಿಂದ 20 ಮೀಟರ್ ಉದ್ದ, ಚೀಲದಲ್ಲಿ ತುರುಕಿ ಇಟ್ಟದ್ದು, ಸುತ್ತಿ ಗಂಟು ಹಾಕಿದ್ದಲ್ಲ. ಅಂಗಡಿಯ ನೈಲಾನ್ ಹಗ್ಗ ಮುಳುಗಿ ಕಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಪ್ರತಿ ದೋಣಿಗೂ ಒಂದು ಚೀಲ, ಸಾಮಾನಿನ ಅಡಿಯಲ್ಲಿ ಅಲ್ಲ, ಕೈಗೆ ಸಿಗುವಲ್ಲಿ. ಜೊತೆಗೆ ಹಗ್ಗ ಕೊಯ್ಯಲು ಚಾಕು. ಯಾರೂ ತಮ್ಮನ್ನು ದೋಣಿಗೆ ಕಟ್ಟಿಕೊಳ್ಳಬಾರದು.

ಅಲ್ಲಿಂದ ಅವನನ್ನು ಗುಂಡುಗಳ ಮೇಲೆ ಹೊತ್ತು ರಸ್ತೆ ಮುಟ್ಟಲು ನಾಲ್ಕು ತಾಸು ಹಿಡಿಯಿತು. ಫೋನಿಗೆ ಸಿಗ್ನಲ್ ಇರಲಿಲ್ಲ. ಹೊರದೇಶದವರು ಬರೆಯುವ ಉಪಗ್ರಹ ಫೋನಿನ ಸಲಹೆ ನಂಬಬೇಡಿ, ನಮ್ಮ ದೇಶದಲ್ಲಿ ಪರವಾನಗಿ ಇಲ್ಲದೆ ಅದನ್ನು ಇಟ್ಟುಕೊಳ್ಳುವಂತಿಲ್ಲ. ಬದಲಿಗೆ ದಡದಲ್ಲಿ ಒಬ್ಬ ಮನುಷ್ಯ, ಒಂದು ಗಾಡಿ ಇರಲಿ. ಎಲ್ಲೆಲ್ಲಿ ಹೊಳೆಯಿಂದ ರಸ್ತೆಗೆ ಹತ್ತಬಹುದು ಅಂತ ಅವನ ಕೈಯಲ್ಲಿ ಬರೆದುಕೊಟ್ಟಿರಿ. ಸಂಜೆ ನಾಲ್ಕಕ್ಕೆ ನೀವು ಕಾಣದಿದ್ದರೆ ಅವನು 112ಕ್ಕೆ ಫೋನ್ ಮಾಡಬೇಕು, “ಇನ್ನೊಂದು ತಾಸು ನೋಡೋಣ” ಅನ್ನಬಾರದು. ಡಿಸೆಂಬರಿನಲ್ಲಿ ಆರಕ್ಕೆಲ್ಲ ಕತ್ತಲು. ಗುಂಡುಗಳ ಜಾಗದಲ್ಲಿ ಇಳಿದು, ನೋಡಿ, ಹೊತ್ತು ಸಾಗುವಾಗ ತಾಸಿಗೆ ಒಂದು ಕಿಲೋಮೀಟರ್ ಆದರೆ ಹೆಚ್ಚು. ನಿಮ್ಮ ಎರಡು ದಿನದ ಲೆಕ್ಕ ಅಲ್ಲಿಗೇ ಮುಗಿಯಿತು.

ಇಷ್ಟಾದ ಮೇಲೆ ನನ್ನ ಉತ್ತರ: ಆ ದಾರಿಗೆ ಯಾವ ದೋಣಿಯನ್ನೂ ಕೊಳ್ಳಬೇಡಿ. ನೀರು ಇಳಿದಾಗ ಅದು ಜರಡಿ. ಏರಿದಾಗ ಏನು ಅಂತ ಗಂಗಾವತಿ ಕಡೆಯವರಿಗೆ ಹೇಳಬೇಕಿಲ್ಲ. 2019ರ ಆಗಸ್ಟಿನಲ್ಲಿ ಹೊಳೆಯ ನಡುಗಡ್ಡೆಯಾದ ವಿರುಪಾಪುರ ಗಡ್ಡೆಯಲ್ಲಿ ಸಿಕ್ಕಿಬಿದ್ದ ಪ್ರವಾಸಿಗರನ್ನು ರಕ್ಷಣಾ ಪಡೆಯವರು ಹೊರತರಬೇಕಾಯಿತು. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 33 ಗೇಟುಗಳಲ್ಲಿ 19ನೆಯದು ಚೈನು ಕಡಿದು ಕೊಚ್ಚಿಹೋಯಿತು, ಯಾರಿಗೂ ಮುನ್ಸೂಚನೆ ಇರಲಿಲ್ಲ. ಹಂಪಿಯ ಹೊಳೆದಂಡೆಯ ಪುರಂದರ ಮಂಟಪ ಮುಳುಗಿತೇ, ಕಂಪ್ಲಿ ಸೇತುವೆ ಮುಳುಗಿತೇ ಅಂತ ನಾವು ಹೊಳೆಯನ್ನು ಅಳೆಯುತ್ತೇವೆ. ಅದು ಪ್ರವಾಹದ ಅಳತೆ, ದೋಣಿ ಬಿಡುವವನ ಅಳತೆ ಅಲ್ಲ. ಈ ಎರಡರ ನಡುವೆ ಹದವಾದ ನೀರಿನ ದಿನಗಳು ಬರುತ್ತವೆ, ಆದರೆ ಅವು ಯಾವಾಗ ಮುಗಿಯುತ್ತವೆ ಎಂಬುದು ಡ್ಯಾಮಿನವರ ಕೈಯಲ್ಲಿದೆ, ನಿಮ್ಮ ಕೈಯಲ್ಲಿಲ್ಲ. ನಡುಗಡ್ಡೆಯಲ್ಲಿ ಡೇರೆ ಹಾಕುವ ಯೋಚನೆಯನ್ನು ಇದಕ್ಕಾಗಿಯೇ ಕೈಬಿಡಿ.

ವಿಜಯನಗರ ಕಾಲದ ಹಳೇ ಅಣೆಕಟ್ಟುಗಳೂ ಇದೇ ದಾರಿಯಲ್ಲಿವೆ, ಬಂಡೆಯಿಂದ ಬಂಡೆಗೆ ಕಲ್ಲು ಜೋಡಿಸಿ ಕಾಲುವೆಗೆ ನೀರು ತಿರುಗಿಸಲು ಕಟ್ಟಿದವು. ಅವುಗಳ ಮೇಲಿನ ನೀರು ಕನ್ನಡಿಯಂತೆ ಶಾಂತ. ಮುಂದೆ ಹೊಳೆ ಒಂದು ಗೆರೆ ಎಳೆದಂತೆ ಮುಗಿದು ಆಚೆ ಏನೂ ಕಾಣುವುದಿಲ್ಲ. ನೀರು ಒಂದೇ ಸಮ ಅದರ ಮೇಲಿಂದ ಬೀಳುತ್ತಿದ್ದರೆ ಬುಡದಲ್ಲಿ ಏಳುವ ಸುಳಿ ದೋಣಿಯನ್ನೂ ಮನುಷ್ಯನನ್ನೂ ಮತ್ತೆ ಮತ್ತೆ ಬೀಳುವ ನೀರಿನಡಿಗೇ ಎಳೆಯುತ್ತದೆ, ಲೈಫ್ ಜಾಕೆಟ್ ಇದ್ದರೂ ಬಿಡುವುದಿಲ್ಲ. ಅಂಥ ಗೆರೆ ಕಂಡರೆ ಕನಿಷ್ಠ 50 ಮೀಟರ್ ಮೊದಲೇ ದಡ ಹಿಡಿದು ಹೊತ್ತು ದಾಟಬೇಕು.

ಇನ್ನೊಂದು ವಿಷಯ ನೀವು ಕೇಳಿಲ್ಲ. ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಅಂತ ಘೋಷಿಸಿದ್ದಾರೆ. ನಿಮ್ಮ ದಾರಿ ಅದರೊಳಗೇ ಬರುತ್ತದೆ. ಅರಣ್ಯ ಇಲಾಖೆಯನ್ನು ಕೇಳದೆ ಇಳಿಯಬೇಡಿ. ಇದೇ ಹೊಳೆಯಲ್ಲಿ ಮೊಸಳೆಯೂ ಇದೆ, ಚಳಿಗಾಲದ ಬಿಸಿಲಿಗೆ ಅದು ಮಲಗುವುದು ನೀವು ಊಟಕ್ಕೆ ಇಳಿಯಲು ಆರಿಸುವಂಥ ಮರಳಿನ ಮೇಲೇ.

ನೊರೆನೀರು ಬೇಕು ಎಂಬ ನಿಮ್ಮ ಆಸೆ ನನಗೂ ಗೊತ್ತು. ಅದಕ್ಕೆ ದಾಂಡೇಲಿಗೆ ಹೋಗಿ. ಕಾಳಿ ನದಿಯಲ್ಲಿ ಗಣೇಶಗುಡಿಯ ಕೆಳಗೆ ಸೂಪಾ ಡ್ಯಾಮಿನಿಂದ ಬಿಡುವ ನೀರಿನಲ್ಲಿ, ಎರಡು-ಮೂರನೇ ದರ್ಜೆಯ, ಅಂದರೆ ತೀರಾ ಕಠಿಣವಲ್ಲದ ನೊರೆನೀರಿನ ಹರಿವಿನಲ್ಲಿ, ಗೈಡ್ ಜೊತೆ ರಾಫ್ಟಿನಲ್ಲಿ ಕೂತು ಮೊದಲು ನೀರು ಓದುವುದನ್ನು ಕಲಿಯಿರಿ. ಬಿದ್ದಾಗ ಏನಾಗುತ್ತದೆ ಅಂತ ಅಲ್ಲಿ ಬೇಕೆಂದೇ ಬಿದ್ದು ನೋಡಬಹುದು. ಹುಟ್ಟು ಹಾಕಿ ಕೈ ಪಳಗಲು ಸಾಣಾಪುರದ ಕೆರೆ ಸಾಕು, ಅಲ್ಲಿಯೂ ಸ್ವಂತ ದೋಣಿ ಇಳಿಸಲು ಅನುಮತಿ ಕೇಳಿ, ಕಾಲುವೆಯ ನೀರು ಒಳಬರುವ ಹೊರಹೋಗುವ ಕಡೆಗೆ ಹೋಗಬೇಡಿ. ಇದಕ್ಕೆ ಬೇಕಾದ ದೋಣಿ ದಪ್ಪ ಪಾಲಿಥೀನಿನದು, ಎರಡೂ ತುದಿಯಲ್ಲಿ ಗಾಳಿಚೀಲ ಕಟ್ಟಿದ್ದು. ಫೈಬರ್ ಗ್ರಾನೈಟಿಗೆ ಒಡೆಯುತ್ತದೆ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ, ಒಂದೇ ಪದರದ ಗಾಳಿ ತುಂಬುವ ದೋಣಿ ಕಲ್ಲಿಗೆ ತಾಗಿದರೆ ಹರಿಯುತ್ತದೆ.

ಹತ್ತು ವರ್ಷದ ಅಕ್ಕನ ಮಗನನ್ನು ಕರೆದುಕೊಂಡು ಹೋಗಬಹುದೇ ಅಂತ ಕೊನೆಯಲ್ಲಿ ಕೇಳಿದ್ದೀರಿ. ಹೊಳೆಗೆ ಬೇಡ. ದೊಡ್ಡವರ ಜಾಕೆಟ್ ಅವನಿಗೆ ತೊಡಿಸಿದರೆ ನೀರಿನಲ್ಲಿ ಅದು ಮೇಲೆ ತೇಲುತ್ತದೆ, ಅವನು ಕೆಳಗೆ ಜಾರುತ್ತಾನೆ. ಕೆರೆಗೆ ಕರೆದೊಯ್ಯಿರಿ, ಆದರೆ ದೋಣಿಗಿಂತ ಮೊದಲು ಅವನ ತೂಕಕ್ಕೆ ಹೊಂದುವ, ತೊಡೆಯ ಸಂದಿನಲ್ಲಿ ಪಟ್ಟಿ ಇರುವ ಜಾಕೆಟ್ ಕೊಳ್ಳಿ. ಎಲ್ಲಾ ಬಕಲ್ ಬಿಗಿದು, ಭುಜದ ಹತ್ತಿರ ಹಿಡಿದು ಅವನನ್ನು ಎತ್ತಿ ನೋಡಿ. ಜಾಕೆಟ್ ಕಿವಿಯವರೆಗೆ ಏರಿದರೆ ಅಂಗಡಿಯವನಿಗೆ ವಾಪಸ್ ಕೊಡಿ.