ಮಾಟಗಾತಿ ಇರುವ ಕಥೆಯನ್ನು ಮಗಳು ಓದಬಹುದೇ?

ಪ್ರಶ್ನೆ: ನಾವು ಕ್ರೈಸ್ತರು. ಎಂಟು ವರ್ಷದ ಮಗಳಿಗೆ ಕಥೆಪುಸ್ತಕದ ಹುಚ್ಚು. ಹುಟ್ಟುಹಬ್ಬಕ್ಕೆ ಆ್ಯಂಡರ್ಸನ್ ಮತ್ತು ಗ್ರಿಮ್ ಸಹೋದರರ ಕಥೆಗಳು ಉಡುಗೊರೆಯಾಗಿ ಬಂದವು. ಅವುಗಳಲ್ಲಿ ಮಾಟ, ಮಂತ್ರ ಇದೆ ಎಂದು ನಮ್ಮ ಅತ್ತೆಯವರಿಗೆ ಭಯ. ಬೈಬಲಿನ ಅಪೊಸ್ತಲರ ಕೃತ್ಯಗಳು 19ನೇ ಅಧ್ಯಾಯ ತೋರಿಸಿ, ‘ಸುಟ್ಟುಬಿಡು’ ಅನ್ನುತ್ತಾರೆ. ಮಗಳು ಹಾಸಿಗೆ ಕೆಳಗೆ ಬಚ್ಚಿಟ್ಟು ಓದುತ್ತಿದ್ದಾಳೆ. ಯಜಮಾನರು ‘ಸುಮ್ನೆ ಜಗಳ ಬೇಡ, ಅಮ್ಮ ಹೇಳಿದ ಹಾಗೆ ಮಾಡು’ ಎನ್ನುತ್ತಾರೆ. ಏನು ಮಾಡಲಿ?
– ಹೆಸರು ಬೇಡ, ಹುಬ್ಬಳ್ಳಿ

ಪ್ರಿಯ ಸಹೋದರಿ,

ಪುಸ್ತಕ ಸುಡಬೇಡಿ. ಹಾಗಂತ ಅತ್ತೆಯವರ ಮಾತನ್ನು ತಳ್ಳಿಹಾಕಲೂ ಬೇಡಿ. ಮೊಮ್ಮಗಳ ಮೇಲಿನ ಕಾಳಜಿಯಿಂದಲೇ ಅವರಿಗೆ ಈ ಭಯ ಬಂದಿದೆ. ಮಾಟ ಮಾಡುವುದು, ಕಣಿ ಹೇಳುವುದು ಕೂಡದು ಎಂದು ಧರ್ಮೋಪದೇಶಕಾಂಡದ 18ನೇ ಅಧ್ಯಾಯ ಖಡಾಖಂಡಿತವಾಗಿ ಹೇಳುತ್ತದೆ. ಆದರೆ ಅತ್ತೆಯವರು ತೋರಿಸುವ ಅಧ್ಯಾಯದಲ್ಲಿ, ಎಫೆಸ ಪಟ್ಟಣದಲ್ಲಿ ಸುಟ್ಟದ್ದು ಎಂಥ ಪುಸ್ತಕಗಳನ್ನು? ಮಾಟ ಮಾಡುತ್ತಿದ್ದವರು ತಮ್ಮ ಮಾಟದ ಪುಸ್ತಕಗಳನ್ನು ತಾವೇ ತಂದು ಸುಟ್ಟರು. 50,000 ಬೆಳ್ಳಿ ನಾಣ್ಯಗಳ ಬೆಲೆಯ ಸರಕು ಅದು. ಮಕ್ಕಳ ಕಥೆಗಳಲ್ಲ. ಬೈಬಲಿನ ನ್ಯಾಯಸ್ಥಾಪಕರು 9ರಲ್ಲಿ ಯೋತಾಮನೆಂಬವನು ಬೆಟ್ಟದ ಮೇಲೆ ನಿಂತು ಜನರಿಗೆ ಹೇಳುವುದಾದರೂ ಏನು? ಒಂದು ಕಥೆ. ಮರಗಳು ತಮಗೊಬ್ಬ ಅರಸ ಬೇಕೆಂದು ಹೊರಡುತ್ತವೆ. ಎಣ್ಣೆಮರ, ಅಂಜೂರ, ದ್ರಾಕ್ಷಿ ಎಲ್ಲ ಒಲ್ಲೆ ಅನ್ನುತ್ತವೆ, ಕಡೆಗೆ ಮುಳ್ಳಿನ ಗಿಡ ಒಪ್ಪಿಕೊಳ್ಳುತ್ತದೆ. ಮರಗಳು ಮಾತಾಡುವ ಕಥೆ ಬೈಬಲಿನಲ್ಲೇ ಇದೆ ಅಲ್ವಾ?

ಈಗ ಮಗಳ ಪುಸ್ತಕಕ್ಕೇ ಬರೋಣ. ಅದರಲ್ಲಿ ಆ್ಯಂಡರ್ಸನ್ 1844ರಲ್ಲಿ ಬರೆದ ‘ಹಿಮರಾಣಿ’ ಇದೆಯೇ ನೋಡಿ. ಸೈತಾನನ ಕನ್ನಡಿಯೊಂದು ಒಡೆದು, ಅದರ ಚೂರು ಕಾಯ್ ಎಂಬ ಹುಡುಗನ ಕಣ್ಣಿಗೂ ಎದೆಗೂ ಹೊಕ್ಕುತ್ತದೆ. ಅಲ್ಲಿಂದ ಅವನಿಗೆ ಚೆಂದದ್ದೆಲ್ಲ ಕುರೂಪ. ಹಿಮರಾಣಿ ಅವನನ್ನು ಜಾರುಬಂಡಿಯಲ್ಲಿ ಎಳೆದುಕೊಂಡು ಹೋಗುವಾಗ ಹೆದರಿ, ಯೇಸು ಕಲಿಸಿದ ಕರ್ತನ ಪ್ರಾರ್ಥನೆ ಹೇಳಲು ನೋಡುತ್ತಾನೆ. ನೆನಪಿಗೆ ಬರುವುದು ಬರೀ ಮಗ್ಗಿ! ಅವನನ್ನು ಹುಡುಕಿಕೊಂಡು ಅವನ ಗೆಳತಿ ಗೆರ್ಡಾ ಹೋಗುತ್ತಾಳೆ. ಕಾಲಿಗೆ ಚಪ್ಪಲಿಯೂ ಇಲ್ಲ. ರಾಣಿಯ ಹಿಮದ ಪಡೆ ಮೈಮೇಲೆ ಬಂದಾಗ ಅವಳು ಅದೇ ಪ್ರಾರ್ಥನೆ ಹೇಳುತ್ತಾಳೆ. ಚಳಿಗೆ ಬಾಯಿಂದ ಹೊರಟ ಹಬೆ ಒಬ್ಬೊಬ್ಬ ದೇವದೂತನಾಗಿ, ಈಟಿ, ಗುರಾಣಿ ಹಿಡಿದು ನಿಲ್ಲುತ್ತದೆ. ಕಥೆಯ ಕೊನೆಯಲ್ಲಿ ಅಜ್ಜಿ ಬಿಸಿಲಿನಲ್ಲಿ ಕೂತು ಬೈಬಲ್ ಓದುತ್ತಿರುತ್ತಾಳೆ. ಓದುವುದು ಮತ್ತಾಯ 18ರ ಮಾತು: ಚಿಕ್ಕ ಮಕ್ಕಳಂತೆ ಆಗದಿದ್ದರೆ ಪರಲೋಕರಾಜ್ಯಕ್ಕೆ ಸೇರಲಾರಿರಿ.

ಈ ಕಥೆಯನ್ನು ಸಂಜೆಯ ಪ್ರಾರ್ಥನೆ ಮುಗಿದ ಮೇಲೆ ಮಗಳೇ ಅಜ್ಜಿಗೆ ಹೇಳಲಿ. ಪುಸ್ತಕ ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ಹೇಳಲಿ. ಮೊಟಕು ಮಾಡಿದ ಕೆಲವು ಪುಸ್ತಕಗಳಲ್ಲಿ ಪ್ರಾರ್ಥನೆಯ ಭಾಗವನ್ನೇ ಕತ್ತರಿಸಿರುತ್ತಾರೆ, ಪೂರ್ತಿ ಕಥೆ ಇದೆಯೇ ಅಂತ ಮೊದಲೇ ನೋಡಿಕೊಳ್ಳಿ.

ಹಳೆಯ ಕಥೆಗಳೆಲ್ಲ ಮಕ್ಕಳಿಗೆ ಒಳ್ಳೆಯವು ಅಂತ ನಾನು ಹೇಳುವುದಿಲ್ಲ. ಗ್ರಿಮ್ ಸಂಗ್ರಹದಲ್ಲಿ ಒಂದು ಕಥೆ ಇದೆ. ಯೆಹೂದಿಯೊಬ್ಬನನ್ನು ಮುಳ್ಳಿನ ಪೊದೆಯಲ್ಲಿ ಕುಣಿಸಿ, ಕೊನೆಗೆ ಗಲ್ಲಿಗೆ ಹಾಕುತ್ತಾರೆ, ಓದುವವರು ನಗಬೇಕು! ಯೇಸು ಹುಟ್ಟಿದ ಕುಲದವರ ಬಗ್ಗೆ ಇಂಥ ದ್ವೇಷ. ಮಾಟಗಾತಿಗಿಂತ ಜಾಸ್ತಿ ನನ್ನನ್ನು ಹೆದರಿಸುವುದು ಇದು. ಮಾಟಗಾತಿ ಕೆಟ್ಟವಳು ಅಂತ ಮಗುವಿಗೆ ಕಥೆಯೇ ಹೇಳುತ್ತದೆ. ಇಲ್ಲಿ ಕೆಟ್ಟತನ ಇರುವುದು ಕಥೆ ಹೇಳುವವನಲ್ಲೇ. ಅದು ನಿಮ್ಮ ಪುಸ್ತಕದಲ್ಲಿದ್ದರೆ ಬಿಟ್ಟುಬಿಡಿ.

ಬಚ್ಚಿಟ್ಟು ಓದಿದ್ದಕ್ಕೆ ಮಗಳನ್ನು ಬೈಯಬೇಡಿ. ಪುಸ್ತಕ ಎಲ್ಲರ ಕಣ್ಣಿಗೆ ಬೀಳುವ ಜಾಗದಲ್ಲಿರಲಿ. ಇನ್ನು ಯಜಮಾನರಿಗೆ ಒಂದು ಮಾತು: ತಾಯಿಯ ಹತ್ತಿರ ಕೂತು ಮಾತಾಡಬೇಕಾದವರು ನೀವು. ಆ ಭಾರವನ್ನು ಹೆಂಡತಿಯ ತಲೆಗೆ ಕಟ್ಟಬೇಡಿ.

ಯಾವುದೋ ಒಂದೆರಡು ಕಥೆ ಈಗಲೇ ಬೇಡ ಎಂದು ಅತ್ತೆಯವರು ಹೇಳಿದರೆ ಒಪ್ಪಿಕೊಳ್ಳಿ. ಚರ್ಚಿನ ಅಯ್ಯನವರನ್ನೇ ಕೇಳೋಣ ಎಂದರೆ ಅದೂ ಆಗಲಿ. ಹೋಗುವಾಗ ಪುಸ್ತಕ ತೆಗೆದುಕೊಂಡು ಹೋಗಿ, ಅವರೂ ಓದಿ ನೋಡಿಯೇ ಹೇಳಲಿ.