ಮಬ್ಬು ನೀರಿನ ಚಿತ್ರಗಳು: ನಿಮ್ಮ ಪ್ರಶ್ನೆ, ನನ್ನ ಉತ್ತರ

(ಈ ಸಲ ಓದುಗರಿಗೆ ಉತ್ತರಿಸುತ್ತಿರುವವರು ವಾಸ್ಕೋದಲ್ಲಿ ಬೆಳೆದ ಕನ್ನಡತಿ, ಸಮುದ್ರದೊಳಗಿನ ಚಿತ್ರ ತೆಗೆಯುವ ಛಾಯಾಗ್ರಾಹಕಿ.)

ಅಂಡಮಾನ್, ಲಕ್ಷದ್ವೀಪದಲ್ಲಿ ನೀರು ಅಷ್ಟು ತಿಳಿಯಾಗಿರುತ್ತದೆ. ನೀವು ಗೋವಾದಲ್ಲೇ ಯಾಕೆ ಮುಳುಗುತ್ತೀರಿ?
– ಓದುಗರೊಬ್ಬರು, ಪಣಜಿ

ಇದು ನಮ್ಮೂರ ಸಮುದ್ರ, ಅದಕ್ಕೆ. ಅಪ್ಪ ಗದಗ ಕಡೆಯಿಂದ ಕೆಲಸ ಹುಡುಕಿಕೊಂಡು ವಾಸ್ಕೋಗೆ ಬಂದವರು. ನಾನು ಬೆಳೆದದ್ದು ಅಲ್ಲಿನ ಬೈನಾದಲ್ಲಿ, ಅಲೆಯ ಸದ್ದು ಮನೆಯೊಳಗೇ ಕೇಳುತ್ತಿತ್ತು.

ನೀರು ಮಬ್ಬು ಅನ್ನೋದು ನಿಜ. ಮಾಂಡವಿ, ಜುವಾರಿ ಎರಡೂ ನದಿಗಳು ಇಲ್ಲೇ ಸಮುದ್ರ ಸೇರುತ್ತವೆ, ಮಣ್ಣು ಹೊತ್ತು ತರುತ್ತವೆ. ಪ್ಲಾಂಕ್ಟನ್, ಅಂದರೆ ನೀರಿನಲ್ಲಿ ತೇಲುವ ಪುಟಾಣಿ ಜೀವಿಗಳು ಬೇರೆ ಜಾಸ್ತಿ. ವಾಸ್ಕೋ ಬಳಿಯ ಗ್ರ್ಯಾಂಡ್ ಐಲ್ಯಾಂಡ್ ದ್ವೀಪದ ಹತ್ತಿರ ಐದಾರು ಮೀಟರ್ ದೂರ ಕಾಣಿಸಿದರೆ ಅವತ್ತು ನನಗೆ ಹಬ್ಬ. ಕೆಲವು ದಿನ ಚಾಚಿದ ಕೈಯ ಆಚೆ ಬರೀ ಹಸಿರು. ಆದರೆ ಅದೇ ಪ್ಲಾಂಕ್ಟನ್ ತಿಂದುಕೊಂಡೇ ಅಲ್ವಾ ನಮ್ಮ ತಾರ್ಲೆ, ಬಾಂಗಡೆ ಮೀನು ಬದುಕೋದು? ಅದನ್ನು ಕೊಳಕು ಅಂತ ಕರೆಯೋಕೆ ನನಗೆ ಮನಸ್ಸು ಬರಲ್ಲ.

ಇಂಥ ನೀರಿನಲ್ಲಿ ದೂರದ ಚಿತ್ರ ಆಗೋದೇ ಇಲ್ಲ. ಹತ್ತಿರ ಹೋಗಲೇಬೇಕು. ಹಾಗೆ ಹತ್ತಿರ ಹೋಗಿಯೇ ನನಗೆ ನುಡಿಬ್ರಾಂಕ್ ಹುಚ್ಚು ಹಿಡಿದದ್ದು. ಅವು ಚಿಪ್ಪಿಲ್ಲದ ಬಸವನಹುಳುಗಳು. ಸೂಝೀಸ್ ರೆಕ್ ಅಂತ ಒಂದು ಮುಳುಗಿದ ಹಡಗಿದೆ. ಅದರ ತುಕ್ಕು ಹಿಡಿದ ತಗಡಿನ ಮೇಲೆ ಉಗುರಿನಷ್ಟು ದೊಡ್ಡದೊಂದು ಕೂತಿತ್ತು. ತಲೆಯ ಮೇಲೆ ಎರಡು ಕೋಡು, ಅದು ವಾಸನೆ ಹಿಡಿಯೋದು ಅವುಗಳಿಂದ. ಬೆನ್ನಿನ ಹಿಂಭಾಗದಲ್ಲಿ ಕುಚ್ಚಿನ ಹಾಗಿರೋದು ಕಿವಿರು. ನಾನು ಕೈ ಆಡಿಸಿದಾಗ ನೀರು ಸ್ವಲ್ಪ ಅಲುಗಿತು. ಅಷ್ಟಕ್ಕೇ ಕಿವಿರು ಪೂರ್ತಿ ಒಳಗೆ. ಸುಮ್ನೆ ತೇಲುತ್ತಾ ಕಾದೆ. ಎಳೆ ಎಳೆಯಾಗಿ ಮತ್ತೆ ಹೊರಗೆ ಬಂತು. ಆಗ ಕ್ಲಿಕ್ ಮಾಡಿದೆ. ನೀರು ತಿಳಿಯಾಗಿದ್ದರೆ ಬಹುಶಃ ದೊಡ್ಡ ಮೀನಿನ ಹಿಂದೆ ಹೋಗಿಬಿಡುತ್ತಿದ್ದೆ.

ನೀರಿನಲ್ಲಿ ತೆಗೆದ ನಮ್ಮ ಫೋಟೋಗಳೆಲ್ಲ ಹಸಿರು, ಮೇಲೆ ಬಿಳಿ ಚುಕ್ಕಿ. ಯಾಕೆ?
– ಕಾಲೇಜು ವಿದ್ಯಾರ್ಥಿ, ಬೆಳಗಾವಿ

ನೀರು ಮೊದಲು ನುಂಗೋದು ಕೆಂಪು ಬಣ್ಣವನ್ನು. ಐದು ಮೀಟರ್ ಇಳಿಯುವಷ್ಟರಲ್ಲಿ ಅದು ಹೆಚ್ಚುಕಡಿಮೆ ಮಾಯ. ಆಮೇಲೆ ಕಿತ್ತಳೆ, ಹಳದಿ. ಹಾಗಾಗಿ ಬೆಳಕನ್ನು ನಾವೇ ಒಯ್ಯಬೇಕು. ಆ ಬಿಳಿ ಚುಕ್ಕಿಗಳು ನೀರಿನ ಕಣಗಳು. ಚೋರ್ಲಾ ಘಾಟಿನ ಮಂಜಿನಲ್ಲಿ ಹೈಬೀಮ್ ಹಾಕಿದರೆ ಮಂಜೇ ಕಣ್ಣಿಗೆ ಹೊಡೆಯುತ್ತಲ್ಲ, ಹಾಗೆ. ನಾನು ಎರಡು ಫ್ಲ್ಯಾಶ್‌ಗಳನ್ನೂ ಲೆನ್ಸ್‌ನಿಂದ ದೂರ, ಅಕ್ಕಪಕ್ಕಕ್ಕೆ ಚಾಚಿ ಇಡುತ್ತೇನೆ. ಲೆನ್ಸ್ ಮುಂದಿನ ಕಣಗಳಿಗೆ ಬೆಳಕು ತಾಗಬಾರದು. ನಿಮ್ಮದು ಮೊಬೈಲ್ ಆದರೆ ಫ್ಲ್ಯಾಶ್ ಬೇಡವೇ ಬೇಡ. ಬಿಸಿಲು ನೆತ್ತಿಗೆ ಬಂದಾಗ, ಕಡಿಮೆ ಆಳದಲ್ಲಿ, ಒಂದು ಮೊಳದಷ್ಟು ಹತ್ತಿರದಿಂದ ತೆಗೆಯಿರಿ.

ಈಜು ಬರದಿದ್ದರೂ ಡೈವಿಂಗ್ ಮಾಡಬಹುದಾ?
– ಗೃಹಿಣಿ, ಮಡಗಾಂವ್

ಬೋಧಕರು ಪಕ್ಕದಲ್ಲೇ ಇರುವ ಪ್ರವಾಸಿ ಡೈವ್ ಮಾಡಬಹುದು. 18 ಮೀಟರ್ ತನಕ ಇಳಿಯುವ ಕೋರ್ಸ್ ಬೇಕಾದರೆ 200 ಮೀಟರ್ ಈಜಿ, 10 ನಿಮಿಷ ತೇಲಿ ತೋರಿಸಬೇಕು. ಶೀತ, ನೆಗಡಿ ಇದ್ದರೆ ಇಳಿಯಬೇಡಿ, ಕಿವಿಗೆ ಪೆಟ್ಟಾಗುತ್ತದೆ. ಒಳಗೆ ಉಸಿರು ಹಿಡಿದಿಡಬೇಡಿ.

ಫೋಟೋಗೆ ಅಂತ ಗೈಡ್ ನಕ್ಷತ್ರಮೀನನ್ನು ಕಿತ್ತು ಮಗಳ ಕೈಗೆ ಕೊಟ್ಟರು. ಇದು ಸರಿಯೇ?
– ಶಿಕ್ಷಕಿ, ಫೋಂಡಾ

ಖಂಡಿತ ಸರಿಯಲ್ಲ. ಅದರ ಅಡಿಯಲ್ಲಿ ನೂರಾರು ಪುಟ್ಟ ಕೊಳವೆ ಕಾಲುಗಳಿವೆ, ಬಂಡೆ ಹಿಡಿಯೋದು ಅವುಗಳಿಂದ. ಎಳೆದರೆ ಕಾಲು ಹರಿಯುತ್ತದೆ. ಚಿತ್ರಕ್ಕಾಗಿ ಪ್ರಾಣಿಯನ್ನು ಜಾಗ ಬದಲಿಸುವುದೆಂದರೆ ನನಗೆ ಸಿಟ್ಟೇ ಬರುತ್ತದೆ. ಒಳ್ಳೆ ಚಿತ್ರ ಬಿಟ್ಟುಹೋದರೂ ಪರವಾಗಿಲ್ಲ. ಹವಳ, ಸಮುದ್ರಕುದುರೆ, ಸಮುದ್ರಸೌತೆಗಳಿಗಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯೇ ಇದೆ. ಮುಂದಿನ ಸಲ ದೋಣಿ ಹತ್ತುವ ಮೊದಲೇ "ಏನನ್ನೂ ಮುಟ್ಟಿಸಬೇಡಿ" ಅಂತ ಹೇಳಿಬಿಡಿ.

ಮನೆಯವರು ಹೆದರಲ್ವಾ?
– ಓದುಗರು, ಮಾಪುಸಾ

ಅಮ್ಮ ಇವತ್ತಿಗೂ ಹೆದರುತ್ತಾಳೆ. ದಡಕ್ಕೆ ಬಂದ ಕೂಡಲೇ ಫೋನ್ ಮಾಡುತ್ತೇನೆ. ಆಮೇಲೆ ಚಿತ್ರ ನೋಡೋದರಲ್ಲಿ ಅವಳೇ ಮೊದಲು.

ಡೈವಿಂಗ್ ಖರ್ಚು ನಮ್ಮ ಕೈಗೆಟುಕಲ್ಲ. ಮಕ್ಕಳಿಗೆ ಸಮುದ್ರಜೀವಿ ತೋರಿಸೋದು ಹೇಗೆ?
– ಆಟೋ ಚಾಲಕರು, ವಾಸ್ಕೋ

ಮಳೆಗಾಲದಲ್ಲಿ ಅಲೆ ಜೋರು, ಅದು ಮುಗಿಯಲಿ. ಆಮೇಲೆ ಅಂಜುಣಾದ ಬಂಡೆಗಳ ಕಡೆ ಕರೆದುಕೊಂಡು ಹೋಗಿ. ಮೊಬೈಲಿನಲ್ಲಿ ಉಬ್ಬರ–ಇಳಿತದ ಸಮಯ ನೋಡಿ, ನೀರು ಪೂರ್ತಿ ಇಳಿಯುವುದಕ್ಕೆ ಒಂದು ಗಂಟೆ ಮೊದಲೇ ತಲುಪಿ. ಹಿಡಿತ ಇರುವ ಚಪ್ಪಲಿ ಇರಲಿ, ಪಾಚಿ ಜಾರುತ್ತದೆ. ಬಂಡೆಗಳ ನಡುವೆ ನಿಂತ ನೀರಿನ ಪಕ್ಕ ಕೂತು ಐದು ನಿಮಿಷ ಅಲ್ಲಾಡದೆ ನೋಡಲು ಹೇಳಿ. ಸನ್ಯಾಸಿ ಏಡಿ, ಪುಟ್ಟ ಮೀನು ತಾವಾಗಿಯೇ ಹೊರಗೆ ಬರುತ್ತವೆ. ಕಲ್ಲು ಎತ್ತಿದರೆ ಮೊದಲಿದ್ದ ಹಾಗೆಯೇ ಮೆಲ್ಲಗೆ ಇಟ್ಟುಬಿಡಿ. ಅಲೆಗೆ ಬೆನ್ನು ಹಾಕಿ ಕೂರಬೇಡಿ, ನೀರು ಏರಲು ಶುರುವಾದ ತಕ್ಷಣ ಮಕ್ಕಳನ್ನು ಎಬ್ಬಿಸಿಕೊಂಡು ದಡಕ್ಕೆ ಬಂದುಬಿಡಿ.