ಕ್ಯಾಥೆಟರ್ ತೆಗೆದ ಮೇಲೂ ಮೂತ್ರ ಪೂರ್ತಿ ಹೋಗದಿದ್ದರೆ

ಗರ್ಭಕೋಶ ಜಾರಿದ್ದಕ್ಕೆ ಆಪರೇಷನ್ ಆದ ಐದನೇ ದಿನ, ಕ್ಯಾಥೆಟರ್ (ಮೂತ್ರ ಹೊರತರುವ ನಳಿಕೆ) ತೆಗೆದ ಮೇಲೂ ನಿಮ್ಮ ಅಮ್ಮನಿಗೆ ಮೂತ್ರ ಸ್ವಲ್ಪ ಸ್ವಲ್ಪವೇ ಬರುತ್ತಿದೆ, ಹೋಗಿಬಂದ ಮೇಲೂ ಸ್ಕ್ಯಾನ್‌ನಲ್ಲಿ 220 ಮಿ.ಲೀ. ಮೂತ್ರ ಒಳಗೇ ಉಳಿಕೆ ಕಂಡಿತು ಎಂದು ಕೇಳಿದ್ದೀರಿ. ಇದಕ್ಕೆ ಬಹುಶಃ ಹೊಲಿಗೆ ಜಾಗದ ಊತ, ನೋವೇ ಕಾರಣ. ಮಲಬದ್ಧತೆ ಇದ್ದರೆ ಇನ್ನೂ ಕಷ್ಟ. ಆಪರೇಷನ್ ಕೆಟ್ಟಿತೆಂದು ಈಗಲೇ ಹೆದರಬೇಡಿ. ನಮ್ಮ ಅತ್ತೆಯವರಿಗೂ ಹೀಗೇ ಆಗಿ ಎರಡನೇ ವಾರ ಸರಿಹೋಯಿತು.

ಮೊದಲು ಆ ಸ್ಕ್ಯಾನ್ ಹೇಗಾಯಿತು ಯೋಚಿಸಿ. ನೀರು ಕುಡಿಸಿ ಬಹಳ ಹೊತ್ತು ಕೂರಿಸಿದ್ದರೆ, ಅಥವಾ ಟಾಯ್ಲೆಟ್‌ಗೆ ಹೋಗಿಬಂದು ಅರ್ಧ ಗಂಟೆ ಸರದಿಗೆ ಕಾದಿದ್ದರೆ ಉಳಿಕೆ ಹೆಚ್ಚು ತೋರಿಸುತ್ತದೆ. ಬೆಂಗಳೂರಿನ ಸ್ಕ್ಯಾನಿಂಗ್ ಸೆಂಟರ್‌ಗಳ ರಶ್‌ನಲ್ಲಿ ಇದು ಸಾಮಾನ್ಯ. ಹೋಗಿಬಂದ ಹತ್ತು ನಿಮಿಷದೊಳಗೆ ಮತ್ತೆ ಅಳೆಸಿ.

ಆಮೇಲೂ ಜಾಸ್ತಿಯಿದ್ದರೆ, ಮೂತ್ರಕೋಶ ತುಂಬಿಸಿ ನೋಡುವ ಪರೀಕ್ಷೆ ಮಾಡುತ್ತೀರಾ ಎಂದು ಸರ್ಜನ್‌ರನ್ನು ಕೇಳಿ. ಕ್ಯಾಥೆಟರ್‌ನಲ್ಲಿ ಸುಮಾರು 300 ಮಿ.ಲೀ. ಸಲೈನ್ (ಉಪ್ಪುನೀರು) ಮೂತ್ರಕೋಶಕ್ಕೆ ಬಿಟ್ಟು, ಕ್ಯಾಥೆಟರ್ ತೆಗೆದು, ಎಷ್ಟು ಹೊರಬರುತ್ತದೆಂದು ಅಳೆಯುತ್ತಾರೆ. ಮೂರರಲ್ಲಿ ಎರಡು ಪಾಲು, ಅಂದರೆ 200 ಮಿ.ಲೀ. ಬಂದರೆ ಸಾಮಾನ್ಯವಾಗಿ ಸಾಕು. ಈ ಮಿತಿ ಡಾಕ್ಟರಿಂದ ಡಾಕ್ಟರಿಗೆ ಸ್ವಲ್ಪ ಬೇರೆ. ಬರದಿದ್ದರೆ ಕೆಲವು ದಿನ ಮತ್ತೆ ಕ್ಯಾಥೆಟರ್ ಹಾಕಬಹುದು, ಇಲ್ಲವೇ ದಿನಕ್ಕೆ ಕೆಲವು ಸಲ ತಾವೇ ನಳಿಕೆ ತೂರಿಸಿ ಮೂತ್ರಕೋಶ ಖಾಲಿ ಮಾಡುವುದನ್ನು ನರ್ಸ್ ಕಲಿಸುತ್ತಾರೆ. ಎಷ್ಟು ದಿನ ಎಂಬುದನ್ನು ಮುಂದಿನ ಅಳತೆಯೇ ಹೇಳಬೇಕು. ಯೂರಿನ್ ಕಲ್ಚರ್ (ಮೂತ್ರದಲ್ಲಿ ಸೋಂಕಿದೆಯೇ ನೋಡುವ ಪರೀಕ್ಷೆ) ಕೂಡ ಕೇಳಿ, ಸೋಂಕಿದ್ದರೂ ಹೀಗೇ ಆಗಬಹುದು.

ಮನೆಯಲ್ಲಿ ಅಳತೆಯ ಜಗ್ ಇಟ್ಟು ಸಮಯ, ಪ್ರಮಾಣ ಬರೆದಿಡಿ. ಮುಗಿದ ಮೇಲೆ ಎರಡು ನಿಮಿಷ ಕೂತು, ಮುಂದಕ್ಕೆ ಬಾಗಿ ಇನ್ನೊಮ್ಮೆ ಪ್ರಯತ್ನಿಸಲಿ. ತಿಣುಕುವುದು ಮಾತ್ರ ಬೇಡವೇ ಬೇಡ, ಹೊಲಿಗೆಗೆ ಒತ್ತಡ ಬೀಳುತ್ತದೆ.

ನಾಲ್ಕಾರು ಗಂಟೆ ಮೂತ್ರವೇ ಬರದೆ ಕಿಬ್ಬೊಟ್ಟೆ ಉಬ್ಬಿ ನೋವಾದರೆ, ಚಳಿಜ್ವರ ಬಂದರೆ, ರಕ್ತದ ಗಡ್ಡೆ ಕಂಡರೆ ಬೆಳಗಿನ ಓಪಿಡಿಗೆ ಕಾಯದೆ ರಾತ್ರಿಯೇ ಎಮರ್ಜೆನ್ಸಿಗೆ ಕರೆದೊಯ್ಯಿರಿ, ಡಿಸ್ಚಾರ್ಜ್ ಸಮ್ಮರಿ ಜೊತೆಗಿರಲಿ.